ಗಿಡ ಆಮೇಲೆ, ಗುದ್ದಲಿ ಮೊದಲು

ತಮ್ಮ: ಅಕ್ಕಾ, ಭಾನುವಾರ ನನ್ನ ಜೊತೆ ಸಿದ್ದಾಪುರದ ನರ್ಸರಿಗೆ ಬರ್ತೀಯಾ? ಯುಗಾದಿಯೊಳಗೆ ಹಿತ್ತಲನ್ನ ಒಂದು ದಾರಿಗೆ ತರಬೇಕು ಅಂತಿದ್ದೀನಿ. ಗುಲಾಬಿ, ಪೆಟೂನಿಯಾ, ಎರಡು ಪಾಮ್ ಗಿಡ, ಮಿಕ್ಕ ಜಾಗಕ್ಕೆಲ್ಲ ಹುಲ್ಲುಹಾಸು. ಪಟ್ಟಿ ಬರೆದಿಟ್ಟಿದ್ದೀನಿ.

ಅಕ್ಕ: ಪಟ್ಟಿ ಜೋಪಾನವಾಗಿ ಇಟ್ಟುಕೋ. ನರ್ಸರಿಗೆ ಜೂನ್‌ನಲ್ಲಿ ಹೋಗೋಣ.

ತಮ್ಮ: ಜೂನ್‌ವರೆಗೂ ಯಾಕೆ ಕಾಯಬೇಕು? ಈಗ ತಾನೆ ವಸಂತ ಕಾಲಿಡ್ತಿದೆ. ನಾನು ನೋಡಿದ ವಿಡಿಯೋಗಳಲ್ಲೆಲ್ಲ ಮಾರ್ಚ್–ಏಪ್ರಿಲ್ಲೇ ತೋಟ ಶುರು ಮಾಡೋ ಕಾಲ ಅಂತಾರೆ.

ಅಕ್ಕ: ಆ ವಿಡಿಯೋ ಮಾಡಿದವರ ಊರು ಯಾವುದು?

ತಮ್ಮ: ಇಂಗ್ಲೆಂಡ್ ಇರಬೇಕು.

ಅಕ್ಕ: ಅಲ್ಲಿ ಅದು ಸರಿ. ಚಳಿಗಾಲದಲ್ಲಿ ಅವರ ಮಣ್ಣು ತಣ್ಣಗೆ ಕೊರೆಯುತ್ತೆ, ಇಬ್ಬನಿ ಹೆಪ್ಪುಗಟ್ಟಿ ಎಳೆ ಗಿಡ ಸುಟ್ಟುಹೋಗುತ್ತೆ. ವಸಂತದಲ್ಲಿ ಮಣ್ಣು ಬೆಚ್ಚಗಾದ ಮೇಲೆ ನೆಡ್ತಾರೆ. ಅಲ್ಲಿ ಗಿಡದ ಕೈ ಕಟ್ಟೋದು ಚಳಿ. ಬೆಂಗಳೂರಲ್ಲಿ ಗಿಡದ ಕೈ ಕಟ್ಟೋದು ನೀರು. ನಮ್ಮ ಚೈತ್ರ–ವೈಶಾಖ ಅಂದರೆ ವರ್ಷದ ಅತಿ ಬಿಸಿ ದಿನಗಳು, ಮಳೆಯನ್ನ ನಂಬೋ ಹಾಗಿಲ್ಲ. ಆಗ ಎಳೆ ಗಿಡ ನೆಟ್ಟರೆ ಅದು ಬೇರು ಬಿಡೋಕೆ ಮೊದಲೇ ಬಾಡುತ್ತೆ.

ತಮ್ಮ: ಹಾಗಂತೀಯಲ್ಲ, ನಮ್ಮ ರಸ್ತೆಯ ಹೊಂಗೆ ನೋಡು. ಒಂದು ಹನಿ ಮಳೆ ಇಲ್ಲದೆ ಮೈತುಂಬ ಚಿಗುರು. ಟಬೂಬಿಯಾ ಅಂತೂ ಎಲೆಯೇ ಕಾಣದಷ್ಟು ಹೂ. ಗಿಡಮರಗಳಿಗೆ ಇದು ಸುಗ್ಗಿ ಅಂತ ಅದಕ್ಕೇ ಅನ್ನಿಸಿದ್ದು.

ಅಕ್ಕ: ಅವು ವರ್ಷಗಟ್ಟಲೆ ಕೆಳಗೆ ಬೇರಿಳಿಸಿ, ಆಳದ ತೇವ ಕುಡಿದು ಚಿಗುರೋ ಮರಗಳು. ನೀನು ತರೋ ಗಿಡದ ಬೇರು ಕಪ್ಪು ಪ್ಲಾಸ್ಟಿಕ್ ಕವರ್‌ನೊಳಗೆ ಅರ್ಧ ಅಡಿ ಇರುತ್ತೆ. ಮರ ನೋಡಿ ಸಸಿಯ ಕಾಲ ಲೆಕ್ಕ ಹಾಕಬಾರದು.

ತಮ್ಮ: ಈ ಊರಿಗೆ ವರ್ಷವಿಡೀ ಹೂ ಇರಬೇಕು ಅಂತ ಮರಗಳನ್ನ ಆರಿಸಿದವನು ಕ್ರುಂಬಿಗಲ್ ಅಲ್ವಾ? ಅವನೂ ಯುರೋಪಿನವನೇ.

ಅಕ್ಕ: ಜರ್ಮನಿಯವನು. 1908ರಲ್ಲಿ ಬೆಂಗಳೂರಿಗೆ ಬಂದ, ಲಾಲ್‌ಬಾಗ್ ನೋಡಿಕೊಂಡ, ಇಲ್ಲೇ ತೀರಿಕೊಂಡ. ಒಂದು ಜಾತಿ ಮರದ ಹೂ ಮುಗಿಯೋ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು ಅಂತ ಯೋಚನೆ ಮಾಡಿ ಬೀದಿಗಳಿಗೆ ಮರ ಆರಿಸಿದ. ಅವನಿಂದ ಕಲಿಯೋದು ಅದೇ: ತನ್ನ ದೇಶದ ಕ್ಯಾಲೆಂಡರ್ ಇಟ್ಟುಕೊಂಡು ಬಂದವನು ಈ ಊರಿನ ಕ್ಯಾಲೆಂಡರ್ ಓದಿದ. ನೀನು ಈ ಊರಲ್ಲೇ ಹುಟ್ಟಿ ಅವರ ಕ್ಯಾಲೆಂಡರ್ ಓದ್ತಿದ್ದೀಯ.

ತಮ್ಮ: ಸರಿ, ಹೊಡೆದದ್ದು ಸಾಕು. ಹಾಗಾದರೆ ಮೂರು ತಿಂಗಳು ಕೈಕಟ್ಟಿ ಕೂತಿರಲಾ?

ಅಕ್ಕ: ಯಾರು ಹೇಳಿದ್ದು? ಯುಗಾದಿ ದಿನ ನಮ್ಮ ಹಳೇ ಮೈಸೂರು ಕಡೆ ಹಳ್ಳಿಗಳಲ್ಲಿ ಹೊನ್ನಾರು ಕಟ್ತಾರೆ. ಎತ್ತಿಗೆ, ನೇಗಿಲಿಗೆ ಪೂಜೆ ಮಾಡಿ ಹೊಲದಲ್ಲಿ ಮೊದಲ ಸಾಲು ಉಳ್ತಾರೆ. ಉಳ್ತಾರೆ, ಬಿತ್ತೋದಿಲ್ಲ. ಹೊಸ ವರ್ಷದ ಮೊದಲ ಕೆಲಸ ಮಣ್ಣಿನದು, ಬೀಜದ್ದಲ್ಲ. ಹಿತ್ತಲಿಗೂ ಅದೇ ಕ್ರಮ. ಈ ಮೂರು ತಿಂಗಳು ಬಿಸಿಲು ನೋಡು, ನೀರಿನ ಲೆಕ್ಕ ಹಾಕು, ಮಣ್ಣು ತಯಾರು ಮಾಡು. ಇವು ಮುಗಿದರೆ ನೆಡೋದು ಅರ್ಧ ದಿನದ ಕೆಲಸ.

ತಮ್ಮ: ಬಿಸಿಲು ನೋಡೋದು ಏನಿದೆ? ಹಿತ್ತಲಿಗೆ ಬೇಕಾದಷ್ಟು ಬಿಸಿಲಿದೆ. ನಿನ್ನೆ ಮಧ್ಯಾಹ್ನ ಕಾಲಿಡೋಕೆ ಆಗಲಿಲ್ಲ.

ಅಕ್ಕ: ನಿನ್ನ ಮನೆ ಯಾವ ಕಡೆಗೆ ಮುಖ?

ತಮ್ಮ: ದಕ್ಷಿಣಕ್ಕೆ. ಹಿತ್ತಲು ಉತ್ತರಕ್ಕೆ, ಹತ್ತಡಿ ಅಗಲ, ನಲವತ್ತಡಿ ಉದ್ದ. ವಾಸ್ತು ಹೇಳೋಕೆ ಹೊರಟಿದ್ದೀಯಾ?

ಅಕ್ಕ: ವಾಸ್ತುವಲ್ಲ, ನೆರಳಿನ ಲೆಕ್ಕ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಸೂರ್ಯ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರೋದು ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ. ಶೂನ್ಯ ನೆರಳಿನ ದಿನ ಅಂತ ಪೇಪರಲ್ಲಿ ಬರುತ್ತಲ್ಲ, ಅದೇ. ಈ ಎರಡರ ನಡುವೆ ನಡುಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೇ ವಾಲಿರ್ತಾನೆ. ಆಗ ನಿನ್ನ ಹಿತ್ತಲಿಗೆ ಪೂರಾ ಬಿಸಿಲು.

ತಮ್ಮ: ಒಳ್ಳೇದೇ ಆಯ್ತಲ್ಲ.

ಅಕ್ಕ: ಡಿಸೆಂಬರ್‌ಗೆ ಬಾ. ಆಗ ಅವನು ದಕ್ಷಿಣಕ್ಕೆ 36 ಡಿಗ್ರಿಯಷ್ಟು ಜಾರಿರ್ತಾನೆ. ನಿನ್ನ ಮನೆ ಪ್ಯಾರಾಪೆಟ್ ಸೇರಿ ಇಪ್ಪತ್ತಡಿ ಎತ್ತರ ಅಂತ ಇಟ್ಟುಕೋ. ಮಧ್ಯಾಹ್ನದ ನೆರಳು ಉತ್ತರಕ್ಕೆ ಸುಮಾರು ಹದಿನೈದಡಿ ಚಾಚುತ್ತೆ. ಹಿತ್ತಲು ಇರೋದು ಹತ್ತಡಿ. ಅಂದರೆ ನೆಲವೆಲ್ಲ ನೆರಳು, ಕಾಂಪೌಂಡ್ ದಾಟಿ ಪಕ್ಕದವರ ಹಿತ್ತಲಿಗೂ ಐದಡಿ. ಈಗ ಮಾರ್ಚ್‌ನಲ್ಲಿ ಆ ನೆರಳು ಐದಡಿಗೆ ಕುಗ್ಗಿದೆ, ಏಪ್ರಿಲ್ ಕೊನೆಗೆ ಮಾಯವಾಗುತ್ತೆ. ಈಗಿನ ಬಿಸಿಲು ನಂಬಿ ಗುಲಾಬಿ ನೆಟ್ಟರೆ ಮಳೆಗಾಲ ಕಳೆದ ಮೇಲೆ ಅದು ಕಡ್ಡಿಯಾಗಿ ನಿಂತಿರುತ್ತೆ. ಆಮೇಲೆ ನೀನು ಗೊಬ್ಬರ ಸಾಲದು ಅಂತ ಇನ್ನಷ್ಟು ಸುರೀತೀಯ.

ತಮ್ಮ: ಈ ಲೆಕ್ಕ ನನಗೆ ಹೊಳೆದಿರಲಿಲ್ಲ. ಹಾಗಾದರೆ ಉತ್ತರದ ಹಿತ್ತಲಿಗೆ ಏನೂ ಗತಿಯಿಲ್ಲವಾ?

ಅಕ್ಕ: ಬೇಕಾದಷ್ಟಿದೆ. ಗುಲಾಬಿ, ನಿಂಬೆ, ಕರಿಬೇವು, ಮಲ್ಲಿಗೆ, ಇವು ಬಿಸಿಲು ಬೇಡೋವು. ಇವನ್ನ ಮನೆ ಮುಂದಕ್ಕೆ ಹಾಕು, ದಕ್ಷಿಣದ ಕಡೆ ಗೋಡೆಯಿಂದ ಸ್ವಲ್ಪ ಬಿಟ್ಟು ಹಾಕಿದರೆ ವರ್ಷವಿಡೀ ಬಿಸಿಲು ಸಿಗುತ್ತೆ. ಹಿತ್ತಲಲ್ಲಿ ಮನೆ ಗೋಡೆಯ ಹತ್ತಿರ ಕುಂಡಗಳಲ್ಲಿ ನೆರಳು ತಡೆಯೋವು: ದೊಡ್ಡಪತ್ರೆ, ಕೆಸುವು, ವೀಳ್ಯದೆಲೆ. ನಡುವಿನ ಪಾತಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತರಕಾರಿ, ಚಳಿಗಾಲದಲ್ಲಿ ಸೊಪ್ಪು ಬಂದಷ್ಟು ಬರಲಿ. ಕಾಂಪೌಂಡ್ ಕಡೆಗೆ ಎಂಟಡಿ ಎತ್ತರದ ಚಪ್ಪರ.

ತಮ್ಮ: ಚಪ್ಪರ ಯಾಕೆ?

ಅಕ್ಕ: ಲೆಕ್ಕ ಮುಂದುವರಿಸು. ಡಿಸೆಂಬರ್‌ನಲ್ಲಿ ನೆಲದ ಮಟ್ಟದಲ್ಲಿ ನೆರಳು ಹದಿನೈದಡಿ. ಎಂಟಡಿ ಮೇಲಕ್ಕೆ ಹೋದರೆ ಮನೆಯ ಎತ್ತರ ನಿನಗೆ ಹನ್ನೆರಡೇ ಅಡಿ, ನೆರಳು ಒಂಬತ್ತಡಿಯೊಳಗೆ ನಿಲ್ಲುತ್ತೆ. ಕಾಂಪೌಂಡ್‌ಗೆ ಅಂಟಿಕೊಂಡಿರೋ ಚಪ್ಪರದ ತಲೆಗೆ ಬಿಸಿಲು ಬೀಳುತ್ತೆ. ಬಳ್ಳಿಗೆ ಬುಡ ನೆರಳಲ್ಲಿದ್ದರೂ ನಡೆಯುತ್ತೆ, ಎಲೆಗೆ ಬಿಸಿಲು ಸಿಕ್ಕರೆ ಸಾಕು. ಮಳೆಗಾಲಕ್ಕೆ ಹೀರೆ, ಪಡವಲ, ಹಾಗಲ. ಜುಲೈನಲ್ಲಿ ಚಪ್ಪರದ ಅವರೆ ಹಾಕು. ನಾಟಿ ಅವರೆ ಹಗಲು ಕಿರಿದಾದ ಮೇಲೇ ಹೂ ಬಿಡೋದು, ಅದಕ್ಕೇ ಸಂಕ್ರಾಂತಿ ಹೊತ್ತಿಗೆ ಕಾಯಿ. ಹಿತಕವರೆ ಸಾರಿಗೆ ಮಾರ್ಕೆಟ್‌ಗೆ ಹೋಗೋದು ತಪ್ಪುತ್ತೆ.

ತಮ್ಮ: ಮಲ್ಲಿಗೆ ಮನೆ ಮುಂದೆ ಈಗಾಗಲೇ ಒಂದಿದೆ. ಅಡ್ಡಾದಿಡ್ಡಿ ಬೆಳೆದಿದೆ. ಕತ್ತರಿ ಹಾಕಿ ಅಚ್ಚುಕಟ್ಟು ಮಾಡಲಾ?

ಅಕ್ಕ: ಮುಟ್ಟಬೇಡ. ಹೂ ಬಿಡೋ ಕಾಲವೇ ಇದು. ಮಲ್ಲಿಗೆ ಸವರೋದು ನವೆಂಬರ್–ಡಿಸೆಂಬರ್‌ನಲ್ಲಿ. ಆಗ ಬಂದ ಹೊಸ ಕುಡಿಯಲ್ಲಿ ಈಗ ಮೊಗ್ಗು ಬಂದಿರುತ್ತೆ. ಈಗ ಕತ್ತರಿಸಿದರೆ ಅಮ್ಮನ ದೇವರಿಗೆ ಹೂವಿಲ್ಲ, ನಿನಗೆ ಊಟವಿಲ್ಲ.

ತಮ್ಮ: ಹುಲ್ಲುಹಾಸಿನ ಬಗ್ಗೆ ನೀನು ಮಾತೇ ಆಡಲಿಲ್ಲ. ಮಕ್ಕಳು ಆಡೋಕೆ ಹಸಿರು ಬೇಕು ಕಣೇ.

ಅಕ್ಕ: ನೀರಿನ ಲೆಕ್ಕಕ್ಕೆ ಬರೋವರೆಗೂ ಸುಮ್ಮನಿದ್ದೆ. ಈಗ ಕೇಳು. ಹಿತ್ತಲಿಗೆ ಪೂರಾ ಹುಲ್ಲು ಹಾಸಿದೆ ಅಂತ ಇಟ್ಟುಕೋ, 400 ಚದರಡಿ, ಅಂದರೆ ಸುಮಾರು 37 ಚದರ ಮೀಟರ್. ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಬೇಕಾದರೆ ದಿನಕ್ಕೆ ಹತ್ತಿರ ಹತ್ತಿರ ಐದು ಮಿಲಿಮೀಟರ್ ಮಳೆಯಷ್ಟು ನೀರು ಬೇಕು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ಗುಣಿಸು.

ತಮ್ಮ: ಮೂವತ್ತೇಳೈದ್ಲಿ... ನೂರಾ ಎಂಬತ್ತೈದು ಲೀಟರ್. ದಿನಕ್ಕಾ?

ಅಕ್ಕ: ದಿನಕ್ಕೆ. ನಗರದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಕೊಡಬೇಕು ಅಂತ ಸರ್ಕಾರದ ಮಾನದಂಡ. ನಿನ್ನ ಹುಲ್ಲು ಮನೆಯ ಒಬ್ಬ ಸದಸ್ಯನಿಗಿಂತ ಹೆಚ್ಚು ಕುಡಿಯುತ್ತೆ. ಆ ನೀರು ನೂರು ಕಿಲೋಮೀಟರ್ ದೂರದ ಕಾವೇರಿಯಿಂದ, ಸುಮಾರು 500 ಮೀಟರ್ ಮೇಲಕ್ಕೆ ಪಂಪ್ ಮಾಡಿ ತಂದದ್ದು. 2024ರ ಮಾರ್ಚ್‌ನಲ್ಲಿ ಏನಾಯ್ತು ನೆನಪಿದೆಯಾ?

ತಮ್ಮ: ಟ್ಯಾಂಕರ್‌ಗೆ ಕ್ಯೂ ನಿಂತ ವರ್ಷ.

ಅಕ್ಕ: ಆ ತಿಂಗಳು ಜಲಮಂಡಳಿ ಕುಡಿಯೋ ನೀರನ್ನ ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತು. 2025ರ ಫೆಬ್ರುವರಿಯಲ್ಲಿ ಮತ್ತೆ ಅದೇ ಆದೇಶ. ನಡುವೆ 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆ ಆಗಿ ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯ ಕೂಡಿತು. ಆದರೂ ಬೇಸಿಗೆ ಬರೋ ಮೊದಲೇ ನಿಷೇಧ ಬಂತು. ಈ ಊರಲ್ಲಿ ಬೇಸಿಗೆಯ ನಲ್ಲಿ ನೀರು ನಂಬಿ ತೋಟದ ನಕ್ಷೆ ಬರೆಯಬಾರದು.

ತಮ್ಮ: ಪ್ಲಾಸ್ಟಿಕ್ ಹುಲ್ಲು ಹಾಸಿಬಿಡೋಣ ಅಂತ ಒಬ್ಬ ಕಂಟ್ರಾಕ್ಟರ್ ಹೇಳಿದ. ನೀರೇ ಬೇಡವಂತೆ. ಹುಲ್ಲು, ಕಾರಂಜಿ, ಇಂಟರ್‌ಲಾಕ್ ಇಟ್ಟಿಗೆ ಎಲ್ಲ ಸೇರಿ ಒಂದೂಮುಕ್ಕಾಲು ಲಕ್ಷ ಅಂದ.

ಅಕ್ಕ: ಏಪ್ರಿಲ್ ಮಧ್ಯಾಹ್ನ ಆ ಹುಲ್ಲಿನ ಮೇಲೆ ಬರಿಗಾಲಲ್ಲಿ ಮಕ್ಕಳನ್ನ ನಿಲ್ಲಿಸಿ ನೋಡು, ಸಿಮೆಂಟ್ ನೆಲವೇ ವಾಸಿ ಅನ್ನಿಸುತ್ತೆ. ಕೆಳಗಿನ ಮಣ್ಣು ಸತ್ತುಹೋಗುತ್ತೆ, ಎರೆಹುಳುವಿಗೂ ಜಾಗವಿಲ್ಲ. ದುಡ್ಡು ಅಲ್ಲಿ ಹಾಕೋ ಬದಲು ಚಾವಣಿ ನೋಡು. ನಿನ್ನದು 40–60 ಸೈಟು ಅಲ್ವಾ? ಮಳೆಕೊಯ್ಲು ಇರಬೇಕಲ್ಲ, 2009ರಿಂದ ಕಡ್ಡಾಯ.

ತಮ್ಮ: ಇದೆ. ಪೈಪು ಇದೆ, ಫಿಲ್ಟರ್ ಡಬ್ಬ ಇದೆ. ಡಬ್ಬ ಕಟ್ಟಿಕೊಂಡು ಎಷ್ಟೋ ವರ್ಷವಾಯ್ತು, ನೀರು ಸೀದಾ ಮೋರಿಗೆ ಹೋಗುತ್ತೆ.

ಅಕ್ಕ: ಹಿತ್ತಲಿನ ಮೊದಲ ಕೆಲಸ ಹಾಗಾದರೆ ಚಾವಣಿ ಮೇಲೆ. ನಿನ್ನ ಚಾವಣಿ 1,200 ಚದರಡಿ ಇದ್ದರೆ ಸುಮಾರು 111 ಚದರ ಮೀಟರ್. ಏಪ್ರಿಲ್–ಮೇನಲ್ಲಿ ಗುಡುಗು ಸಿಡಿಲಿನ ಜೊತೆ ಒಂದು ಸಂಜೆ 20 ಮಿಲಿಮೀಟರ್ ಮಳೆ ಸುರಿಯೋದು ಈ ಊರಿಗೆ ಹೊಸದಲ್ಲ. ಸೋರಿಹೋಗೋದು, ಆವಿಯಾಗೋದು ಕಳೆದು ನೂರಕ್ಕೆ ಎಂಬತ್ತು ಸಿಕ್ಕರೂ 1,800 ಲೀಟರ್ ಹತ್ತಿರ. ಇನ್ನೂರು ಲೀಟರ್‌ನ ಒಂಬತ್ತು ಡ್ರಮ್ಮು. ವರ್ಷಕ್ಕೆ ಬೆಂಗಳೂರಿಗೆ 900 ಮಿಲಿಮೀಟರ್ ಮೇಲೆ ಮಳೆ ಬರುತ್ತೆ, ಅಂದರೆ ನಿನ್ನ ಚಾವಣಿಯಿಂದಲೇ 80,000 ಲೀಟರ್. ಅದನ್ನ ನೀನು ಮೋರಿಗೆ ಬಿಟ್ಟು, ಹಿತ್ತಲಿಗೆ ಟ್ಯಾಂಕರ್ ಕರೀತೀಯ.

ತಮ್ಮ: ಅಷ್ಟೂ ನೀರು ಡ್ರಮ್ಮಲ್ಲಿ ಹಿಡಿಯೋಕಾಗುತ್ತಾ?

ಅಕ್ಕ: ಆಗೋದಿಲ್ಲ. ಎರಡು ಮೂರು ಡ್ರಮ್ಮು ಗಿಡಕ್ಕೆ, ಮಿಕ್ಕಿದ್ದು ಸಂಪ್ ಟ್ಯಾಂಕಿಗೆ, ಅದೂ ತುಂಬಿದರೆ ಇಂಗುಬಾವಿಗೆ. ಮೂರಡಿ ಅಗಲದ ಸಿಮೆಂಟ್ ಬಳೆ ಇಳಿಸಿ ತೋಡೋ ಇಂಗುಬಾವಿ ಎಷ್ಟೋ ಮನೆಗಳಲ್ಲಿದೆ. ಬಾವಿ ತೋಡೋದನ್ನೇ ಕಸುಬು ಮಾಡಿಕೊಂಡು ಬಂದ ಮಣ್ಣು ವಡ್ಡರು ಈಗಲೂ ಈ ಕೆಲಸ ಮಾಡ್ತಾರೆ, ಮಣ್ಣು ಕೈಯಲ್ಲಿ ಹಿಡಿದೇ ಎಲ್ಲಿ ತೋಡಬೇಕು, ಎಷ್ಟು ಆಳ ಸಾಕು ಅಂತ ಹೇಳ್ತಾರೆ. ನೆಲ ಒಣಗಿರೋದು ಈಗಲೇ. ಮಳೆ ಹಿಡಿದ ಮೇಲೆ ಕರೆದರೆ ಗುಂಡಿ ತುಂಬ ಕೆಸರು. ಇನ್ನೊಂದು ಮಾತು, ಡ್ರಮ್ಮಿಗೆ ಮುಚ್ಚಳ, ಮುಚ್ಚಳದ ಕೆಳಗೆ ಸೊಳ್ಳೆ ಪರದೆ ಬಟ್ಟೆ. ತೆರೆದ ನೀರಲ್ಲಿ ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರೋಕೆ ಒಂದು ವಾರ, ಹತ್ತು ದಿನ ಸಾಕು. ಆ ಕಾರಂಜಿಯನ್ನೂ ಅದೇ ಕಾರಣಕ್ಕೆ ಬಿಡು.

ತಮ್ಮ: ಅಡುಗೆಮನೆ ನೀರು ಬಿಡಬಹುದಲ್ಲ?

ಅಕ್ಕ: ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಧಾರಾಳವಾಗಿ. ಪಾತ್ರೆ, ಬಟ್ಟೆ ತೊಳೆದ ಸೋಪಿನ ನೀರು ಬಾಳೆಗೆ, ಕಾಬಾಳೆಗೆ ಮಾತ್ರ, ಸೊಪ್ಪಿಗೆ ಬೇಡ. ಹಿಂದೆ ಬಚ್ಚಲ ನೀರು ಹೋಗೋ ಕಡೆ ಬಾಳೆ ಹಾಕ್ತಿದ್ದರು. ಆಗ ಸೀಗೇಪುಡಿ, ಈಗ ಡಿಟರ್ಜೆಂಟ್. ಅದರ ಉಪ್ಪು ದಿನಾ ಒಂದೇ ಬುಡಕ್ಕೆ ಬಿದ್ದರೆ ಮಣ್ಣು ಗಟ್ಟಿಯಾಗುತ್ತೆ. ಆರ್‌ಒ ಮೆಷಿನ್ ಆಚೆ ಬಿಡೋ ನೀರೂ ಅಷ್ಟೆ, ಬೋರ್‌ವೆಲ್ ನೀರಾದರೆ ಮಳೆನೀರು ಬೆರೆಸಿ ಹಾಕು.

ತಮ್ಮ: ಇನ್ನು ಮಣ್ಣು. ಒಂದು ಲೋಡ್ ಕೆಂಪು ಮಣ್ಣು, ಹತ್ತು ಮೂಟೆ ಗೊಬ್ಬರ ತರಿಸಿದರೆ ಮುಗೀತಲ್ಲ.

ಅಕ್ಕ: ಮೊದಲು ಇರೋದೇನು ನೋಡು. ಒಂದಡಿ ಅಗೆ. ನಿನ್ನ ಮನೆ ಕಟ್ಟಿದವರು ಇಟ್ಟಿಗೆ ಚೂರು, ಗಾರೆ, ಟೈಲ್ಸ್ ತುಂಡು ಎಲ್ಲ ಹಿತ್ತಲಲ್ಲೇ ಹೂತು ಮೇಲೆ ನಾಲ್ಕಿಂಚು ಮಣ್ಣು ಹರಡಿರ್ತಾರೆ. ಗಾರೆಯ ಸುಣ್ಣ ಸೇರಿದ ಮಣ್ಣಲ್ಲಿ ಎಲೆ ಹಳದಿ ತಿರುಗುತ್ತೆ. ಅದನ್ನ ಜರಡಿ ಹಿಡಿದು ಆಚೆ ಹಾಕು. ಆ ಗುಂಡಿಗೆ ನೀರು ತುಂಬಿಸು, ಇಂಗಿದ ಮೇಲೆ ಇನ್ನೊಮ್ಮೆ ತುಂಬಿಸು. ಬೆಳಗಾದರೂ ನಿಂತಿದ್ದರೆ ಬೇರು ಕೊಳೆಯುತ್ತೆ, ಪಾತಿ ಎತ್ತರಿಸಬೇಕು ಅಂತ ಅರ್ಥ.

ತಮ್ಮ: ಹಳ್ಳೀಲಿ ಬೇಸಿಗೆಯಲ್ಲಿ ಕೆರೆ ಗೋಡು ಹೊಲಕ್ಕೆ ಹೊಡೀತಿದ್ದರಲ್ಲ, ಅದನ್ನ ತರಿಸೋಣವಾ?

ಅಕ್ಕ: ಹಳ್ಳಿ ಕೆರೆಯದಾದರೆ ಚಿನ್ನ. ಬೆಂಗಳೂರಿನ ಕೆರೆಗಳಿಗೆ ಒಳಚರಂಡಿ, ಕಾರ್ಖಾನೆ ನೀರು ಹರಿದು ಹೂಳು ಕೆಟ್ಟಿದೆ. ತಿನ್ನೋ ಸೊಪ್ಪಿಗೆ ಆ ಮಣ್ಣು ಬೇಡ. ನಿನಗೆ ಬೇಕಾದ ಗೊಬ್ಬರ ಈಗ ರಸ್ತೆಯಲ್ಲಿ ಬಿದ್ದಿದೆ. ಹೊಂಗೆ, ಮಳೆಮರ, ಬೇವು ಹಳೇ ಎಲೆ ಉದುರಿಸೋ ಕಾಲ ಇದು. ಗುಡಿಸಿ ಮೂಟೆ ಕಟ್ಟಿ ಬೆಂಕಿ ಹಚ್ಚೋರಿಂದ ಕೇಳಿ ತಾ. ಹೊಂಗೆ ದ್ವಿದಳ ಜಾತಿಯ ಮರ, ಅದರ ಎಲೆಯಲ್ಲಿ ಸಾರಜನಕ ಹೆಚ್ಚು. ಮಾವು, ಹಲಸಿನ ಎಲೆ ಬೇಗ ಕರಗೋದಿಲ್ಲ, ಅದನ್ನ ಕಡಿಮೆ ಹಾಕು. ತಂತಿ ಬಲೆ ಸುತ್ತಿ ಎದೆಮಟ್ಟ ತುಂಬು. ಮೂರು ಪಾಲು ಒಣಗಿದೆಲೆಗೆ ಒಂದು ಪಾಲು ಅಡುಗೆಮನೆಯ ಹಸಿ ಕಸ, ಮೇಲೆ ಸಗಣಿ ನೀರು. ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ವಾರಕ್ಕೊಂದು ಸಲ ಮಗುಚು. ಮಾರ್ಚ್‌ನಲ್ಲಿ ಹಾಕಿದ್ದು ಜೂನ್‌ಗೆ ಕಪ್ಪಗೆ ಪುಡಿಯಾಗಿರುತ್ತೆ. ಮುಂಗಾರಿಗೆ ಬೇಕಾದ ಗೊಬ್ಬರಕ್ಕೆ ಸರಿಯಾಗಿ ಮೂರು ತಿಂಗಳ ಮುಂಚೆ ಮರಗಳೇ ಸಾಮಾನು ಒದಗಿಸ್ತವೆ. ವಸಂತ ಕೊಡೋದು ಎಲೆ ಕಣೋ, ನೀನು ಹೂ ಮಾತ್ರ ನೋಡ್ತೀಯ.

ತಮ್ಮ: ಸುಡೋ ಬಿಸಿಲಿನಿಂದ ಮಾತ್ರ ಏನೂ ಉಪಯೋಗವಿಲ್ಲ ಅನ್ನು.

ಅಕ್ಕ: ಅದರಿಂದಲೂ ಇದೆ. ಹೋದ ವರ್ಷ ಅಮ್ಮ ಹಾಕಿದ್ದ ಬದನೆ, ಟೊಮೆಟೊ ಬೇರು ಗಂಟು ಗಂಟಾಗಿತ್ತಲ್ಲ, ಅದು ಜಂತುಹುಳುವಿನ ಕಾಟ. ಆ ಪಾತಿಯನ್ನ ಅಗೆದು, ಸಮ ಮಾಡಿ, ಚೆನ್ನಾಗಿ ನೀರು ಕುಡಿಸು. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಮಣ್ಣು ಮುಚ್ಚು. ಏಪ್ರಿಲ್–ಮೇ ಬಿಸಿಲಲ್ಲಿ ನಾಲ್ಕರಿಂದ ಆರು ವಾರ ಬಿಟ್ಟರೆ ಮೇಲ್ಮಣ್ಣಿನ ಹುಳ, ಕಳೆಬೀಜ, ರೋಗದ ಶಿಲೀಂಧ್ರ ಬಹಳಷ್ಟು ಬೇಯುತ್ತವೆ. ಮನೆ ಮುಂದೆ ನಿಂಬೆಗೆ ಎರಡಡಿ ಉದ್ದ, ಅಗಲ, ಆಳದ ಗುಂಡಿಯನ್ನೂ ಈಗಲೇ ತೋಡಿ ಬಿಸಿಲಿಗೆ ಬಿಡು. ಆಮೇಲೆ ಮೇಲ್ಮಣ್ಣು, ಎಲೆಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ ಬೆರೆಸಿ ತುಂಬು. ಸಂಪು, ಒಳಚರಂಡಿ ಚೇಂಬರ್ ಎಲ್ಲಿವೆ ನೋಡಿಕೊಂಡು ತೋಡು. ಹಲಸು, ಮಾವು ಅಂತ ಆಸೆಪಟ್ಟು ಗೋಡೆ ಬುಡಕ್ಕೆ ನೆಡಬೇಡ.

ತಮ್ಮ: ಒಂದು ಬೀಜವನ್ನೂ ಈಗ ಹಾಕೋ ಹಾಗಿಲ್ಲವಾ? ತೋಟ ಅಂತ ಮನಸ್ಸಿಗೂ ಸ್ವಲ್ಪ ಹಸಿರು ಬೇಕಲ್ಲ.

ಅಕ್ಕ: ಅಡುಗೆಮನೆ ನೀರು ಎಷ್ಟಿದೆಯೋ ಅಷ್ಟಕ್ಕೆ ಹಾಕು. ಎರಡು ಕುಂಡ ಹರಿವೆ, ತಿಂಗಳಲ್ಲಿ ಕೊಯ್ಯಬಹುದು. ನಾಲ್ಕು ಗಿಡ ಬೆಂಡೆ, ಬೇಸಿಗೆ ತಡೆಯುತ್ತೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆ ಹಳದಿ ನಂಜು ರೋಗ ತಡೆಯಲಿ ಅಂತಲೇ ಬೆಳೆಸಿದ ತಳಿ. ಮಳೆಗಾಲದ ಟೊಮೆಟೊಗೂ ಅವರದೇ ಅರ್ಕಾ ರಕ್ಷಕ್ ಇದೆ, ಎಲೆ ಮುದುಡು, ಸೊರಗು, ಅಂಗಮಾರಿ ಮೂರಕ್ಕೂ ತಡೆ. ಒಂದೆರಡು ಮಳೆ ಬಿದ್ದು ಮಣ್ಣು ನೆನೆದರೆ ಮೇನಲ್ಲಿ ಶುಂಠಿ, ಅರಿಶಿನ, ಸುವರ್ಣಗಡ್ಡೆ ಹೂಳಬಹುದು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನೋದು ಸುಮ್ಮನಲ್ಲ, ಏಪ್ರಿಲ್ ಕೊನೆಯಿಂದ ಆ ಮಳೆಯ ಲೆಕ್ಕ ಶುರು. ಸಸಿ ಮಾತ್ರ ಮೃಗಶಿರಕ್ಕೆ, ಜೂನ್ 8ರ ಆಚೆಗೆ.

ತಮ್ಮ: ಹಾಗಾದರೆ ಹತ್ತಡಿಯನ್ನ ಹಂಚು ನೋಡೋಣ.

ಅಕ್ಕ: ಅಮ್ಮನನ್ನ ಕೇಳಿದೆಯಾ?

ತಮ್ಮ: ಇಲ್ಲ.

ಅಕ್ಕ: ಕೇಳು. ಬಟ್ಟೆ ಒಗೆಯೋ ಕಲ್ಲು ಅಲ್ಲಿದೆ, ತಂತಿ ಅಲ್ಲಿದೆ, ಈಗ ಹಪ್ಪಳ–ಸಂಡಿಗೆ ಒಣಹಾಕೋ ಕಾಲ. ಮನೆ ಗೋಡೆಯಿಂದ ಮೂರೂವರೆ ಅಡಿ ಸಿಮೆಂಟ್ ಹಾಗೇ ಇರಲಿ, ಅದು ಅಮ್ಮನದು. ಆಮೇಲೆ ಮೂರಡಿ ಪಾತಿ, ಎರಡೂ ಕಡೆಯಿಂದ ಕೈ ಎಟುಕುತ್ತೆ, ಒಳಗೆ ಕಾಲಿಟ್ಟು ಮಣ್ಣು ತುಳಿಯೋದು ಬೇಕಾಗೋದಿಲ್ಲ. ಒಂದೂವರೆ ಅಡಿ ಓಡಾಡೋಕೆ. ಕಾಂಪೌಂಡ್ ಬುಡದಲ್ಲಿ ಎರಡಡಿ ಚಪ್ಪರದ ಬಳ್ಳಿಗೆ. ಪೂರ್ವದ ಮೂಲೆಯಲ್ಲಿ ಎಲೆ ಗೊಬ್ಬರ, ಮಳೆ ಪೈಪು ಇಳಿಯೋ ಕಡೆ ಡ್ರಮ್ಮು. ಪಾತಿ ಮೇಲೆ ಬರಿ ಮಣ್ಣು ಕಾಣಬಾರದು, ಒಣಗಿದೆಲೆ ಮೂರಿಂಚು ಹೊದಿಸು, ನೀರು ಹಾಕೋ ಕೆಲಸ ಎಷ್ಟೋ ತಪ್ಪುತ್ತೆ.

ತಮ್ಮ: ಪಾಮ್ ಗಿಡಕ್ಕೆ ಎಲ್ಲೂ ಜಾಗ ಸಿಗಲಿಲ್ಲ.

ಅಕ್ಕ: ಕಂಟ್ರಾಕ್ಟರ್ ಕೊಟ್ಟ ಕೊಟೇಶನ್ ಹಿಂದೆ ಈ ನಕ್ಷೆ ಬರಕೋ, ಕಾಗದವಾದರೂ ಉಪಯೋಗಕ್ಕೆ ಬರಲಿ. ಈ ಭಾನುವಾರ ಫಿಲ್ಟರ್ ಬಿಚ್ಚಿ ತೊಳೆ. ಮುಂದಿನ ಭಾನುವಾರ ಎಲೆ ಮೂಟೆ ಹೊರು. ಏಪ್ರಿಲ್‌ನಲ್ಲಿ ಅಗೆತ, ಮೇನಲ್ಲಿ ಚಪ್ಪರ. ನಮ್ಮೂರಲ್ಲಿ ವಸಂತದ ತೋಟಗಾರಿಕೆ ಅಂದರೆ ಇಷ್ಟೇ. ದುಡ್ಡು ಖರ್ಚಾಗೋದು ಕಡಿಮೆ, ಬೆವರು ಜಾಸ್ತಿ. ಇದನ್ನೆಲ್ಲ ಮುಗಿಸಿ ಮೃಗಶಿರ ಹಿಡಿದ ಮೇಲೆ ನನ್ನನ್ನ ಕರಿ, ನರ್ಸರಿಗೆ ಬರ್ತೀನಿ. ಮುಗಿಸದೆ ಹೋಗೋದಾದರೆ ನೀನೊಬ್ಬನೇ ಹೋಗು, ಆ ಗಿಡಗಳ ಸಾವಿಗೆ ನಾನು ಸಾಕ್ಷಿಯಾಗೋದಿಲ್ಲ.